ದೇಚುವಿನ ಭುಜಕ್ಕೆ ತಕ್ಕ ತೋಟಾ

ಎಡಿಸನ್

ಅಮೆರಿಕಕ್ಕೆ ಹೋಗಿ ಬಂದವರು ಮುಗಿಲೆತ್ತರದ ಕಟ್ಟಡಗಳ ಬಗ್ಗೆ ಬರೆಯಬೇಕು, ಇಲ್ಲವೇ ಜಲಪಾತದ ಬಗ್ಗೆ. ನಾನು ಎರಡನ್ನೂ ನೋಡಿದೆ, ಚೆನ್ನಾಗಿವೆ. ಆದರೆ ಅಲ್ಲಿದ್ದ ಎರಡು ತಿಂಗಳಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸ ಒಂದೇ, ಹೊಟ್ಟೆಕಿಚ್ಚು ಪಡುವುದು. ಅದೂ ಯಾರ ಮೇಲೆ? ಹದಿನಾಲ್ಕು ವರ್ಷದ ನನ್ನ ಸ್ವಂತ ಮೊಮ್ಮಗಳ ಮೇಲೆ. ಅರವತ್ತಾರು ದಾಟಿದ ಹೆಂಗಸು ಹೇಳಿಕೊಳ್ಳುವ ಮಾತಲ್ಲ ಇದು. ಹೇಳದೆ ಇದ್ದರೆ ಈ ಪ್ರವಾಸದ ಬಗ್ಗೆ ನನಗೆ ಬರೆಯಲು ಬೇರೇನೂ ಇಲ್ಲ.

ನನ್ನ ತವರು ಕೊಡಗು. ಮದುವೆಯಾಗಿ ಮೈಸೂರಿಗೆ ಬಂದು, ಅಲ್ಲಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರಾಗಿ ಸೀಟಿ ಊದಿದವಳು. ಮಗಳು ಕಾವೇರಿ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಟೆಲಿಕಾಂ ಆಫೀಸೊಂದರಲ್ಲಿ ಇಂಜಿನಿಯರ್, ಮನೆ ಪಕ್ಕದ ಎಡಿಸನ್ನಿನಲ್ಲಿ. ಅಳಿಯ ಎರಿಕ್ ಅಲ್ಲಿಯವನೇ. ಅವರ ಒಬ್ಬಳೇ ಮಗಳಿಗೆ ನನ್ನ ತಾಯಿಯ ಹೆಸರಿಟ್ಟಿದ್ದಾರೆ, ದೇಚಮ್ಮ ಎಂದು. ಎಲ್ಲರ ಬಾಯಲ್ಲೂ ದೇಚು. ನಾನೂ ಕಾವೇರಿಯೂ ಮಾತಾಡುವುದು ಮೈಸೂರಿನ ಕನ್ನಡ, ಕೊಡವ ತಕ್ಕ್ ಹೊರಗೆ ಬರುವುದು ಜಗಳವಾದಾಗ ಮಾತ್ರ. ದೇಚುವಿಗೆ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

ಎಡಿಸನ್ನಿನಲ್ಲಿ ನಮ್ಮ ಜನ ಬೇಕಾದಷ್ಟಿದ್ದಾರೆ, ನಡೆಯುವವರು ಯಾರೂ ಇಲ್ಲ. ಮೊದಲ ವಾರ ಬೆಳಿಗ್ಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ವಾಕಿಂಗ್ ಹೊರಟೆ. ಒಂದು ಕಾರು ನಿಂತು, "ಆಂಟಿ, ಎಲ್ಲಿಗ್ ಹೋಗ್ಬೇಕಿತ್ತು? ಡ್ರಾಪ್ ಮಾಡ್ಲಾ?" ಎಂದಿತು. ಎಲ್ಲಿಗೂ ಇಲ್ಲಪ್ಪ ಎಂದೆ. ಎರಡನೆಯದಕ್ಕೂ ಹಾಗೇ ಹೇಳಿ ಕಳಿಸಿದೆ. ಮೂರನೆಯ ಕಾರಿನವಳು ಎಷ್ಟು ಮರುಗಿದಳೆಂದರೆ, ಅವಳ ಮನಸ್ಸು ನೋಯಿಸಬಾರದೆಂದು ಹತ್ತಿ ಕುಳಿತೆ. ಕೇಳದೆಯೇ ನನ್ನನ್ನು ದೇವಸ್ಥಾನದ ಮುಂದೆ ಇಳಿಸಿದಳು. ಕಾವೇರಿ ಆಫೀಸಿನ ಮೀಟಿಂಗ್ ಬಿಟ್ಟು ಬಂದು ನನ್ನನ್ನು ಕರೆದುಕೊಂಡು ಹೋಗಬೇಕಾಯಿತು.

ದೇಚು ರೈಫಲ್ ಹಿಡಿಯುವುದು ಕಲಿಯುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಒಂದು ಪಾಟ್‌ಲಕ್ ಊಟದಲ್ಲಿ. ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಚಪಾತಿಗೆ ಪಲ್ಯ ಬಡಿಸುತ್ತ, "ನಿಮ್ಮ ಮೊಮ್ಮಗಳು ಭರತನಾಟ್ಯಕ್ಕ ಹೋಗ್ತಾಳೇನ್ರೀ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೇಚು, ಬೇಟೆಯ ಕೋರ್ಸ್ ಪಾಸು ಮಾಡಿದ್ದೇನೆ, ಅಕ್ಟೋಬರಿನಲ್ಲಿ ಅಜ್ಜನ ಜೊತೆ ಜಿಂಕೆಗೆ ಹೋಗುತ್ತೇನೆ ಎಂದಳು. ಪಲ್ಯದ ಸೌಟು ಅಲ್ಲೇ ನಿಂತಿತು. "ಹುಡುಗಿ ಕೈಯಾಗ ಬಂದೂಕ ಕೊಡ್ತೀರೇನ್ರೀ?" ಎಂದು ಅವರು ಕೇಳಿದ್ದು ನನ್ನನ್ನು. ನಮ್ಮ ಕಡೆ ಅದೆಲ್ಲ ಇದ್ದದ್ದೇ ಎಂದು ಗತ್ತಿನಿಂದ ಹೇಳಿದೆ. ಹೇಳುವಾಗಲೇ ಹೊಟ್ಟೆಯಲ್ಲಿ ಏನೋ ಉರಿಯಿತು, ಏಕೆಂದರೆ ಅಜ್ಜ ಎಂದರೆ ವಾಲ್ಟ್, ಎರಿಕ್‌ನ ತಂದೆ, ನಮ್ಮ ಬೀಗರು. ಕೋವಿ ಮುಟ್ಟಿ ಬೆಳೆದ ಅಜ್ಜಿ ಇಲ್ಲಿರುವಾಗ ಅವಳಿಗೆ ಗುರು ಅವರು.

ನನ್ನ ಕೋವಿಯ ಕಥೆಯೊಂದಿದೆ, ಅದನ್ನು ಇಲ್ಲೇ ಹೇಳಬೇಕು. ಕೈಲ್ ಪೊಳ್ದ್ ನಮ್ಮ ಆಯುಧಪೂಜೆ. ನಾಟಿ ಮುಗಿದ ಮೇಲೆ ಕೋವಿ ಕತ್ತಿಗಳನ್ನು ತೊಳೆದು, ಹೂವಿಟ್ಟು ಪೂಜಿಸುತ್ತೇವೆ. ಊಟವಾದ ಮೇಲೆ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಈಡು ಹೊಡೆಯುವ ಸ್ಪರ್ಧೆ. ಮದುವೆಗೆ ಹಿಂದಿನ ವರ್ಷ, ಹೆಂಗಸರ ಸ್ಪರ್ಧೆಯಲ್ಲಿ ಮೊದಲ ಈಡಿಗೇ ಕಾಯಿ ಒಡೆದವಳು ನಾನೊಬ್ಬಳೇ. ಬೆಳ್ಳಿ ಬಟ್ಟಲು ಕೊಟ್ಟರು. ಕಾಯಿ ಮೂರು ಹೋಳಾಗಿ, ನೀರು ಬಿಸಿಲಿಗೆ ಚಿಮ್ಮಿ ಒಂದು ಚಣ ಕಾಮನಬಿಲ್ಲು ಮೂಡಿತು. ಈ ಕಥೆಯನ್ನು ದೇಚು ಮಾತು ಕಲಿತಾಗಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ವಿಡಿಯೋ ಕಾಲ್‌ನಲ್ಲಿ ಕೇಳಿ ಹೇಳಿಸಿಕೊಳ್ಳುತ್ತಿದ್ದಳು. ಕೋವಿಯ ಹುಚ್ಚು ಅವಳಿಗೆ ಹತ್ತಿದ್ದು ಅಲ್ಲಿಂದಲೇ.

ಶುಕ್ರವಾರ, ಬೆಟ್ಟದ ಮನೆ

ನ್ಯೂಜೆರ್ಸಿಯಲ್ಲಿ ಜಿಂಕೆಗೆ ರೈಫಲ್ ಹಿಡಿಯುವಂತಿಲ್ಲವಂತೆ. ವಾಲ್ಟ್ ಇರುವುದು ಮೂರು ಗಂಟೆ ಉತ್ತರಕ್ಕೆ, ನ್ಯೂಯಾರ್ಕ್ ರಾಜ್ಯದ ಬೆಟ್ಟಗಳಲ್ಲಿ. ಅಲ್ಲಿ ಅಕ್ಟೋಬರಿನಲ್ಲಿ ಶನಿವಾರದಿಂದ ಸೋಮವಾರದವರೆಗೆ ಮೂರು ದಿನ ಮಕ್ಕಳಿಗೆಂದೇ ಬೇಟೆ ಬಿಡುತ್ತಾರೆ, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಆ ಮೂರು ದಿನಕ್ಕಾಗಿ ದೇಚು ವರ್ಷವಿಡೀ ಕಾದಿದ್ದಳು. ಎರಿಕ್‌ಗೆ ಕೆಲಸವಿತ್ತು. ಕಾವೇರಿ ಕಾರು ಓಡಿಸಿದಳು, ನಾನು ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕನ್ನು ಒತ್ತುತ್ತ ಹೋದೆ.

ದಾರಿಯ ಹಳ್ಳಿಗಳಲ್ಲಿ ಪ್ರತಿ ಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ. ನಮ್ಮಲ್ಲಿ ಬೂದುಗುಂಬಳ ಬಾಗಿಲಿಗೆ ಕಟ್ಟುವುದು ಹೊಟ್ಟೆಕಿಚ್ಚಿನವರ ದೃಷ್ಟಿ ತಾಗದಿರಲಿ ಎಂದು. ಇವರದು ಬರಿಯ ಅಲಂಕಾರವಂತೆ. ಆದರೂ ವಾಲ್ಟ್ ಮನೆಯ ಮೆಟ್ಟಿಲಲ್ಲಿ ಎರಡೆರಡು ಕಾಯಿ ಕಂಡಾಗ, ನನ್ನಂಥವಳು ಬರುತ್ತಾಳೆಂದು ತಿಳಿದೇ ಇಟ್ಟಂತಿತ್ತು.

ವಾಲ್ಟ್ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು. ಮಾತು ಕಡಿಮೆ, ಕೈ ಸದಾ ಏನನ್ನಾದರೂ ಅಳೆಯುತ್ತಿರುತ್ತದೆ. ನಾವು ಒಳಗೆ ಬಂದ ಕೂಡಲೇ ದೇಚುವನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದೇ ಮರದ ಮೇಲೆ ಅವಳು ಎರಡು ವರ್ಷದವಳಾಗಿದ್ದಾಗಿನಿಂದ ಗೆರೆಗಳಿದ್ದವು. ಆಮೇಲೆ ಅವಳ ಮೊಣಕೈ ಮಡಿಸಿ, ಮಡಿಕೆಯಿಂದ ತೋರುಬೆರಳಿನವರೆಗೆ ಟೇಪು ಹಿಡಿದರು, ನಮ್ಮ ಹೂವಾಡಗಿತ್ತಿ ಮಲ್ಲಿಗೆಗೆ ಮೊಳ ಹಾಕುವ ಹಾಗೆ. ರೈಫಲ್ಲಿನ ಬುಡ ಎಷ್ಟು ಉದ್ದವಿರಬೇಕೆಂದು ತಿಳಿಯುವುದು ಹಾಗಂತೆ. ಹೋದ ವರ್ಷಕ್ಕಿಂತ ಮುಕ್ಕಾಲು ಇಂಚು ಹೆಚ್ಚಾಗಿದೆ ಎಂದು ಹೇಳಿ, ಬುಡಕ್ಕೆ ಸೇರಿಸಲು ಒಂದು ರಬ್ಬರಿನ ಹಲಗೆ ತೆಗೆದಿಟ್ಟರು.

ನಾನು ಮೂವತ್ತು ವರ್ಷ ಪ್ರತಿ ಜೂನಿನಲ್ಲಿ ಊರ ಮಕ್ಕಳ ಎತ್ತರ ತೂಕ ಅಳೆದು ರಿಜಿಸ್ಟರಿನಲ್ಲಿ ಬರೆದವಳು. ನನ್ನ ಕೈಯನ್ನು ಇಂಥದ್ದಕ್ಕೆ ಯಾರೂ ಯಾವತ್ತೂ ಅಳೆದಿರಲಿಲ್ಲ.

ಊಟದ ಮೇಜಿನ ಮೇಲೆ ವಾಲ್ಟ್ ಮೂರು ತೋಟಾಗಳನ್ನು ಸಾಲಾಗಿ ನಿಲ್ಲಿಸಿದರು. ಸಣ್ಣದು, ನಡುವಿನದು, ದೊಡ್ಡದು. ಅಭ್ಯಾಸಬಲ, ನನ್ನ ಕೈ ದೊಡ್ಡದರ ಕಡೆ ಹೋಯಿತು.

"ಅಮ್ಮಾ, ಮುಟ್ಟಬೇಡ," ಎಂದಳು ಕಾವೇರಿ. "ನಿಂದು ವಿಸಿಟರ್ ವೀಸಾ. ಇಲ್ಲಿಯ ಹಂಟಿಂಗ್ ಲೈಸೆನ್ಸ್ ಇಲ್ದೆ ನೀನು ಗನ್ ಆಗ್ಲಿ ಬುಲೆಟ್ ಆಗ್ಲಿ ಮುಟ್ಟೋ ಹಾಗಿಲ್ಲ."

ನಮ್ಮ ಮನೆಗಳಲ್ಲಿ ಕೋವಿಗೆ ಲೈಸೆನ್ಸೇ ಬೇಡ. ಗಂಡು ಹುಟ್ಟಿದರೆ ಒಂದು ಈಡು, ಯಾರಾದರೂ ಸತ್ತರೆ ಎರಡು, ಹೀಗೆ ಹುಟ್ಟುಸಾವನ್ನೂ ಕೋವಿಯಿಂದಲೇ ಸಾರಿದ ಜನ. ಅಂಥವಳು ಒಂದು ತೋಟಾ ಮುಟ್ಟಿದರೆ ಅಪರಾಧ. ಕೈಯನ್ನು ಸೀರೆಯ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ.

ವಾಲ್ಟ್ ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. "ದೊಡ್ಡದು ನಮ್ಮಪ್ಪನ ರೈಫಲ್ಲಿನದು. ಜಿಂಕೆ ಬೀಳುತ್ತೆ, ಹೊಡೆದವರ ಭುಜವೂ ಬೀಳುತ್ತೆ. ಸಣ್ಣದು ಅಷ್ಟು ಒದೆಯಲ್ಲ, ಜಿಂಕೆಗೆ ಸಾಕು, ಆದರೆ ಇವಳು ದೊಡ್ಡವಳಾದಾಗ ಬೇರೆ ರೈಫಲ್ ಬೇಕಾಗುತ್ತೆ. ನಾನು ಯೋಚನೆ ಮಾಡಿರೋದು ನಡುವಿನದು. ತೋಟಾ ನಾನೇ ತುಂಬ್ತೀನಿ. ಈ ವರ್ಷ ಮದ್ದು ಕಡಿಮೆ ಹಾಕಿದೀನಿ. ಮುಂದಿನ ವರ್ಷ ಇನ್ನೊಂಚೂರು. ರೈಫಲ್ ಅದೇ ಇರುತ್ತೆ, ತೋಟಾ ಇವಳ ಜೊತೆಗೇ ಬೆಳೆಯುತ್ತೆ."

ಮಕ್ಕಳಿಗೆಂದು ಖಾರ ಹಾಕುವ ಮೊದಲೇ ಸಾರು ತೆಗೆದಿಡುತ್ತೇವಲ್ಲ, ಅದೇ ಕೆಲಸ. ಒಬ್ಬ ಮುದುಕ ಚಳಿಗಾಲವಿಡೀ ಕುಳಿತು, ಒಂದು ಹುಡುಗಿಯ ಭುಜ ನೋಯದಿರಲಿ ಎಂದು ಮದ್ದು ತೂಗಿದ್ದಾನೆ. ಅದನ್ನು ಮೆಚ್ಚಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಗುಬ್ಬಿ ಹೊಡೆಯೋದಕ್ಕೆ ಸರಿಯಾಗಿದೆ," ಎಂದೆ ಕನ್ನಡದಲ್ಲಿ.

"ಅಮ್ಮಾ, ಸುಮ್ನಿರ್ತೀಯಾ?" ಎಂದಳು ಕಾವೇರಿ.

ದೇಚುವಿಗೆ ಅರ್ಥವಾಗಿಬಿಟ್ಟಿತ್ತು. "ಅಜ್ಜಿ, ನನ್ನ ವಯಸ್ಸಲ್ಲಿ ನೀನು ಯಾವುದು ಹೊಡೆದೆ?"

"ಹನ್ನೆರಡನೇ ಬೋರಿನ ಕೋವಿ. ಹಂದಿಗೆ ಹಾಕುವ ಎಲ್‌ಜಿ ತೋಟಾ."

ಸುಳ್ಳಲ್ಲ. ಆದರೆ ಅರ್ಧ ಹೇಳಿ ಬಾಯಿ ಮುಚ್ಚಿಕೊಂಡೆ. ದೇಚು ಮೇಜಿನ ಮೇಲಿನ ದೊಡ್ಡ ತೋಟಾವನ್ನು ನೋಡುತ್ತ ಕುಳಿತಳು.

ಶನಿವಾರ

ವಾಲ್ಟ್ ಮನೆಯ ಹಿಂದೆ ಇಳಿಜಾರು, ಅದರಾಚೆ ಮಣ್ಣಿನ ದಿಬ್ಬ. ದಿಬ್ಬದ ಮುಂದೆ ಕಾಗದದ ಗುರಿ. ಬೆಳಿಗ್ಗೆ ಗುರಿ ನೋಡಿಕೊಂಡು ಮಧ್ಯಾಹ್ನ ಕಾಡಿಗೆ ಹೋಗುವುದೆಂದು ಲೆಕ್ಕ. ಎಲ್ಲರಿಗೂ ಕಿವಿಮುಚ್ಚುವ ಡಬ್ಬಿ ಕೊಟ್ಟರು. ನನ್ನನ್ನು ಬೆಂಚಿನಿಂದ ನಾಲ್ಕು ಮಾರು ಹಿಂದೆ ಒಂದು ಮಡಚುವ ಕುರ್ಚಿಯಲ್ಲಿ ಕೂರಿಸಿದರು. ಮದುವೆಮನೆಯಲ್ಲಿ ದೂರದ ನೆಂಟರನ್ನು ಕೂರಿಸುವ ಹಾಗೆ.

ದೇಚು ನಡುವಿನ ತೋಟಾದಲ್ಲಿ ಐದು ಈಡು ಹೊಡೆದಳು. ಐದೂ ಒಂದು ಅಂಗೈ ಅಗಲದೊಳಗೆ. ವಾಲ್ಟ್ ದುರ್ಬೀನು ಕೆಳಗಿಟ್ಟು ತಲೆಯಾಡಿಸಿದರು. ಹದಿನಾಲ್ಕರ ಹುಡುಗಿ, ಭುಜಕ್ಕೊಂದು ಮೆತ್ತೆ, ಅವಳ ಕೈಯಳತೆಗೆ ಕೂಡಿಸಿದ ಬುಡ, ಅವಳ ನೋವಿನ ಅಳತೆಗೆ ತುಂಬಿದ ಮದ್ದು. ಇಷ್ಟೆಲ್ಲ ಇದ್ದರೆ ಯಾರು ಬೇಕಾದರೂ ಹೊಡೆಯುತ್ತಾರೆ ಎಂದುಕೊಂಡೆ. ನಿಜ ಹೇಳುತ್ತೇನೆ, ಒಂದಾದರೂ ತಪ್ಪಲಿ ಎಂದು ಬಯಸಿದ್ದೆ.

ಆಗ ದೇಚು ವಾಲ್ಟ್ ಕಡೆ ತಿರುಗಿದಳು. "ಮುತ್ತಜ್ಜನ ರೈಫಲ್ಲಿನಲ್ಲಿ ಒಂದು ಹೊಡೀಲಾ?"

"ಬೇಡ. ನಿನಗೆ ಅದು ಈಗಲ್ಲ."

"ಅಜ್ಜಿ ನನ್ನ ವಯಸ್ಸಲ್ಲಿ ಹೊಡೆದಿದ್ದಳು. ಅವಳ ಮನೆಯವರ ಭುಜವೇ ನನ್ನದು."

ವಾಲ್ಟ್ ನನ್ನ ಕಡೆ ನೋಡಿದರು. ತೆಂಗಿನಕಾಯಿಯ ಕಥೆ ಅವರಿಗೂ ಗೊತ್ತಿತ್ತು. ಆ ಬೆಟ್ಟದಲ್ಲಿ ಬೆಳ್ಳಿ ಬಟ್ಟಲು ಗೆದ್ದ ಈಡುಗಾರ್ತಿಯೆಂದು ನನ್ನನ್ನು ಗೌರವದಿಂದ ನೋಡಿದವರು ಅವರೊಬ್ಬರೇ. "ನೀವು ಏನು ಹೇಳ್ತೀರಿ?" ಎಂದು ಕೇಳಿದರು. "ಈ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬಹುದು."

ಬೇಡ ಎನ್ನಲು ಒಂದು ತಲೆಯಾಟ ಸಾಕಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುತ್ತಾರೆ ಎನ್ನುತ್ತಾರೆ. ನಾನು ತಳ್ಳಿದ್ದು ನಮ್ಮನೆಯದನ್ನೇ.

ಹಳೆಯ ರೈಫಲ್ಲಿನ ಬುಡಕ್ಕೆ ಕಬ್ಬಿಣದ ಪಟ್ಟಿ. ಅವಳ ಕೈಗೆ ಅದು ಉದ್ದವಾಗಿ, ಕತ್ತು ಚಾಚಿ ಕೆನ್ನೆ ಇಟ್ಟಳು. ಸದ್ದು ಡಬ್ಬಿಯೊಳಗಿನ ಕಿವಿಗೂ ತಾಗಿತು. ದೇಚು ಕೂಗಲಿಲ್ಲ. ರೈಫಲ್ಲನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು, ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ನನ್ನ ಕಡೆ ತಿರುಗಿ ನಗಲು ನೋಡಿದಳು.

ಕಾವೇರಿ ಅವಳ ಕಾಲರ್ ಸರಿಸಿ ನೋಡಿದಳು. ಆಗಲೇ ಕೆಂಪಗೆ ಊದಿತ್ತು. ಕಾವೇರಿ ನನಗೆ ಹೇಳಿದ ಮಾತು ಕೊಡವ ತಕ್ಕಿನಲ್ಲಿತ್ತು, ಇಲ್ಲಿ ಬರೆಯುವುದಿಲ್ಲ.

ಐಸ್ ಇಟ್ಟು, ಒಂದು ಗಂಟೆ ಬಿಟ್ಟು, ಅವಳದೇ ರೈಫಲ್, ಅವಳದೇ ಮೆತ್ತಗಿನ ತೋಟಾ ಕೊಟ್ಟರು. ಮೊದಲ ಈಡು ಮಣ್ಣಿಗೆ. ಎರಡನೆಯದು ಗುರಿಯಿಂದ ಎರಡು ಗೇಣು ಕೆಳಗೆ. ಮೂರನೆಯದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ವಾಲ್ಟ್ ಜೇಬಿನಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತೋಟಾವೊಂದನ್ನು ತೆಗೆದು, ಅವಳಿಗೆ ಕಾಣದಂತೆ ತಾವೇ ರೈಫಲ್ಲಿಗೆ ತುಂಬಿ ಕೊಟ್ಟರು. ಅದರಲ್ಲಿ ಮದ್ದೂ ಇಲ್ಲ, ಗುಂಡೂ ಇಲ್ಲ. ದೇಚು ಉಸಿರು ಹಿಡಿದು ಟ್ರಿಗರ್ ಎಳೆದಳು. ಕ್ಲಿಕ್ ಎಂದಿತು, ಅಷ್ಟೇ. ಸದ್ದಿಲ್ಲ, ಒದೆತವಿಲ್ಲ. ಆದರೂ ರೈಫಲ್ಲಿನ ಮೂತಿ ನೆಲಕ್ಕೆ ಕುಕ್ಕಿತು, ಭುಜ ಮುದುಡಿತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು.

ನನ್ನ ಕುರ್ಚಿಯಿಂದ ಅವಳ ಮುಖದ ಪಕ್ಕ ಚೆನ್ನಾಗಿ ಕಾಣುತ್ತಿತ್ತು. ಆ ಮುದುಡಿದ ರೆಪ್ಪೆ ನನಗೆ ಗುರುತಿತ್ತು. ಕನ್ನಡಿಯಲ್ಲಿ ನೋಡಿಕೊಂಡದ್ದಲ್ಲ, ಮುಚ್ಚಿದ ಕಣ್ಣು ಕನ್ನಡಿಯಲ್ಲಿ ಕಾಣುವುದಿಲ್ಲ. ಒಳಗಿನಿಂದ ಗೊತ್ತಿತ್ತು.

"ಈ ವರ್ಷ ಬೇಡ, ಕಂದಾ," ಎಂದರು ವಾಲ್ಟ್. ಮಣಿ ಎಂದೋ ಹನಿ ಎಂದೋ ಅವರ ಭಾಷೆಯಲ್ಲಿ ಏನೋ ಅಂದರು, ನನಗೆ ಕೇಳಿಸಿದ್ದು ಕಂದಾ ಎಂದೇ. "ಹೆದರಿದ ಕೈ ಜಿಂಕೆಯನ್ನು ಕೊಲ್ಲಲ್ಲ, ಗಾಯ ಮಾಡುತ್ತೆ. ಅದು ಕಾಡೊಳಗೆ ಓಡಿ ಎರಡು ದಿನ ನರಳಿ ಸಾಯುತ್ತೆ. ಮುಂದಿನ ವರ್ಷ ನೋಡೋಣ."

ದೇಚು ಬೆಂಚಿನ ಮೇಲಿನ ಖಾಲಿ ತೋಟಾಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ನನ್ನ ಮುಂದೆ ಹಾದುಹೋಗುವಾಗ ನಿಂತಳು. "ಸಾರಿ, ಅಜ್ಜಿ. ನನ್ನ ಭುಜ ನಿನ್ನ ಹಾಗಿಲ್ಲ."

ಬೆಳ್ಳಿ ಬಟ್ಟಲು ಇಟ್ಟುಕೊಂಡು ನಲವತ್ತು ವರ್ಷ ಮೆರೆದಿದ್ದೇನೆ. ಅದನ್ನು ಬಿಟ್ಟುಕೊಡದಿದ್ದರೆ ಈ ಹುಡುಗಿ ಜೀವಮಾನವಿಡೀ ತನ್ನ ಭುಜವನ್ನು ಬೈದುಕೊಳ್ಳುತ್ತಾಳೆ.

"ಕೂತ್ಕೋ," ಎಂದೆ. "ವಾಲ್ಟ್ ಅವರನ್ನೂ ಕರಿ. ಕಾವೇರಿ, ನಾನು ಹೇಳಿದ್ದನ್ನ ಅವರಿಗೆ ಇಂಗ್ಲಿಷಲ್ಲಿ ಹೇಳು, ಏನೂ ಬಿಡಬೇಡ."

ನನಗೆ ಹದಿನಾಲ್ಕಾಗಿದ್ದಾಗ, ಅಣ್ಣನಿಗೆ ಕೋವಿ ಕಲಿಸುತ್ತಿದ್ದ ಚಿಕ್ಕಪ್ಪನನ್ನು ನನಗೂ ಕೊಡಿ ಎಂದು ಕಾಡಿದೆ. ಕಾಟ ತಪ್ಪಲಿ ಎಂದು ಅವರು ಇದ್ದುದರಲ್ಲೇ ಜೋರಿನ ತೋಟಾ ಹಾಕಿ, ಹೇಗೆ ಹಿಡಿಯಬೇಕೆಂದು ಹೇಳದೆ ಕೈಗೆ ಕೊಟ್ಟರು. ಕೋವಿ ಒದ್ದ ಹೊಡೆತಕ್ಕೆ ಅಂಗಳದಲ್ಲಿ ಬಿದ್ದೆ. ಹತ್ತು ಜನ ನಕ್ಕರು. ಹೆಣ್ಣಿನ ಭುಜ ನೋಡು ಎಂದರು. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ ಭುಜವನ್ನು ಅಮ್ಮನಿಗೂ ತೋರಿಸಲಿಲ್ಲ. ಛಲಕ್ಕೆ ಆಮೇಲೂ ಕೋವಿ ಹಿಡಿದೆ, ಆದರೆ ಟ್ರಿಗರ್ ಎಳೆಯುವ ಗಳಿಗೆಗೆ ಸರಿಯಾಗಿ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಒಂದು ಸಲವೂ ಮುಚ್ಚದೆ ಇರಲಿಲ್ಲ.

"ಮತ್ತೆ ತೆಂಗಿನಕಾಯಿ?" ಎಂದಳು ದೇಚು.

"ಕಣ್ಣು ಮುಚ್ಕೊಂಡೇ ಹೊಡೆದದ್ದು. ಹೇಗೋ ತಾಗಿತು. ಆಮೇಲೆ ಯಾವತ್ತೂ ಸ್ಪರ್ಧೆಗೆ ನಿಲ್ಲಲಿಲ್ಲ."

"ನೀರು ಚಿಮ್ಮಿದ್ದು? ರೇನ್‌ಬೋ?"

"ನಾನು ನೋಡಿಲ್ಲ, ಮಗಾ. ನಿನ್ನ ದೊಡ್ಡಜ್ಜ, ನನ್ನಣ್ಣ, ಹೇಳಿದ್ದು. ಅವನು ಕಣ್ಣು ಬಿಟ್ಕೊಂಡಿದ್ದ."

ಕಾವೇರಿ ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು, ಕೊನೆಯ ಮಾತಿಗೆ ಅವಳ ದನಿ ಸಣ್ಣದಾಯಿತು. ಅವಳೂ ಆ ಕಾಮನಬಿಲ್ಲನ್ನು ಕೇಳುತ್ತಲೇ ಬೆಳೆದವಳು. ವಾಲ್ಟ್ ಜೇಬಿನಿಂದ ಟೇಪು ತೆಗೆದು, ಅನುಮತಿ ಕೇಳುವವರಂತೆ ನನ್ನ ಮುಂದೆ ಹಿಡಿದರು. ನಾನು ಮೊಣಕೈ ಮಡಿಸಿದೆ. ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದು, ಇನ್ನೊಮ್ಮೆ ಅಳೆದು, ದೇಚುವಿಗೆ ತೋರಿಸಿದರು. ಅವಳದ್ದಕ್ಕೂ ನನ್ನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಿಮಗೆ ಆ ಕೋವಿ ಕೊಟ್ಟವರು ತಪ್ಪು ಮಾಡಿದರು," ಎಂದರು ವಾಲ್ಟ್. ನಂತರ, "ಈ ಬೆಳಿಗ್ಗೆ ನಾನೂ ಮಾಡಿದೆ."

ನಾನೂ ಮಾಡಿದೆ ಎಂದು ಹೇಳಬೇಕಿತ್ತು. ಕೈ ಮುಗಿದೆ.

ಭಾನುವಾರ

ಹೆದರಿಕೆ ಬಿಡಿಸುವುದಕ್ಕೆ ವಾಲ್ಟ್‌ಗೆ ಒಂದು ಉಪಾಯ ಗೊತ್ತಿತ್ತು. ಪ್ಲಾಸ್ಟಿಕ್ ತೋಟಾ ತುಂಬಿ, ರೈಫಲ್ಲಿನ ನಳಿಗೆಯ ಮೇಲೆ ನಾಣ್ಯವೊಂದನ್ನು ಇಡುವುದು. ಟ್ರಿಗರ್ ಎಳೆದಾಗ ನಾಣ್ಯ ಬೀಳಬಾರದು. ನನ್ನ ಪರ್ಸಿನಲ್ಲಿ ಮೈಸೂರಿನ ಬಸ್ಸಿನ ಚಿಲ್ಲರೆಯಲ್ಲಿ ಉಳಿದ ಒಂದು ರೂಪಾಯಿ ಇತ್ತು, ಕೊಟ್ಟೆ. ಮೊದಲ ಹತ್ತು ಸಲವೂ ನಾಣ್ಯ ಹುಲ್ಲಿಗೆ ಬಿತ್ತು.

ದೇಚು ಉಸಿರನ್ನು ತುಂಬ ಹೊತ್ತು ಕಟ್ಟುತ್ತಿದ್ದಳು. ಅದು ನನಗೆ ಕುರ್ಚಿಯಿಂದಲೇ ಕಾಣಿಸಿತು. ಸಾವಿರಾರು ಮಕ್ಕಳಿಗೆ ಉಸಿರು ಎಳೆಸಿ ಬಿಡಿಸಿದವಳು ನಾನು. ಕೋವಿ ಮುಟ್ಟಬಾರದು ನಿಜ, ಎಣಿಸಬಾರದೆಂದು ಯಾವ ವೀಸಾದಲ್ಲೂ ಬರೆದಿಲ್ಲ. ಅವಳ ಬೆನ್ನ ಹಿಂದೆ ಬಂದು ನಿಂತು ಶಾಲೆಯ ಮೈದಾನದ ದನಿ ತೆಗೆದೆ. "ಒಂದ್, ಎಳಿ. ಎರಡ್, ಬಿಡು. ಮೂರ್, ಅರ್ಧ ಬಿಟ್ಟು ನಿಲ್ಸು. ನಾಲ್ಕ್, ಬೆರಳು ಮಾತ್ರ."

ಪಕ್ಕದ ಬೆಟ್ಟದ ಮನೆಯವರು ಏನೆಂದುಕೊಂಡರೋ. ಮಧ್ಯಾಹ್ನದ ಹೊತ್ತಿಗೆ ಹತ್ತಕ್ಕೆ ಎಂಟು ಸಲ ರೂಪಾಯಿ ನಳಿಗೆಯ ಮೇಲೆ ಅಲುಗದೆ ಕುಳಿತಿತು. ನಂತರ ವಾಲ್ಟ್ ಪ್ಲಾಸ್ಟಿಕ್ ತೋಟಾ ಮತ್ತು ನಿಜವಾದದ್ದನ್ನು ಕಲಸಿ, ಯಾವುದೆಂದು ಅವಳಿಗೆ ತಿಳಿಯದಂತೆ ಕೊಡತೊಡಗಿದರು. ನಾನು ಗುರಿಯ ಕಡೆ ನೋಡಲೇ ಇಲ್ಲ, ಅವಳ ರೆಪ್ಪೆಯನ್ನೇ ನೋಡುತ್ತಿದ್ದೆ. ಸಂಜೆ ಬಿಸಿಲು ಇಳಿಯುವಾಗ ನಿಜವಾದ ಈಡು ಹಾರಿತು, ರೆಪ್ಪೆ ಮುಚ್ಚಲಿಲ್ಲ. ಇನ್ನೊಂದು ಹಾರಿತು, ಮುಚ್ಚಲಿಲ್ಲ. "ಮುಂದಿನ ವರ್ಷ ಬೇಡ, ನಾಳೆಯೇ ಹೋಗೋಣ," ಎಂದರು ವಾಲ್ಟ್.

ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಮುಗಿಯಲಿಲ್ಲ. ಒಂದೂವರೆ ದಿನದಲ್ಲಿ ಬಿಡಿಸಬಹುದಾಗಿದ್ದ ಕಟ್ಟನ್ನು ನಾನು ಐವತ್ತೆರಡು ವರ್ಷ ಹೊತ್ತಿದ್ದೆ ಎಂದು ತಿಳಿದಾಗ, ಅದು ಮೊದಲಿಗಿಂತ ಹೆಚ್ಚೇ ಆಯಿತು. ನಮ್ಮ ಅಂಗಳದಲ್ಲಿ ಒಬ್ಬರ ಜೇಬಿನಲ್ಲಾದರೂ ಒಂದು ರೂಪಾಯಿ ಇರಲಿಲ್ಲವೇ?

ಸೋಮವಾರ

ಬೆಳಕು ಹರಿಯುವ ಮೊದಲು ಇಬ್ಬರೂ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕಾಡಿಗೆ ಹೋದರು. ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯ ಬಳಿ ಕುಳಿತೆ. ಅದು ಕಾಫಿಯಲ್ಲ, ಬಣ್ಣದ ನೀರು. ಆದರೂ ಕೈ ಬೆಚ್ಚಗಿತ್ತು.

ಹಿಂದಿನ ರಾತ್ರಿ ಊಟಕ್ಕೆ ಕೂತಾಗ ವಾಲ್ಟ್ ಹೇಳಿದ್ದರು, ಒಂದು ಸದ್ದು ಕೇಳಿದರೆ ಒಳ್ಳೆಯದು, ಎರಡು ಕೇಳಿದರೆ ಏನೋ ಕೆಟ್ಟಿದೆ ಎಂದು. ಅದನ್ನು ಅವರು ನನಗೆ ಹೇಳಬೇಕಿರಲಿಲ್ಲ. ನಮ್ಮಮ್ಮ ಅಂಗಳದಲ್ಲಿ ಯಾವ ಕೆಲಸದಲ್ಲಿದ್ದರೂ, ದೂರದಲ್ಲಿ ಒಂದು ಈಡು ಕೇಳಿದರೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ ಇನ್ನೊಂದಕ್ಕೆ ಕಾಯುತ್ತಿದ್ದರು. ಇನ್ನೊಂದು ಬರದಿದ್ದರೆ ಯಾರ ಮನೆಯಲ್ಲೋ ಗಂಡು ಹುಟ್ಟಿದೆ. ಬಂದರೆ ಸೀರೆ ಬದಲಿಸಿ ಸಾವಿನ ಮನೆಗೆ ಹೊರಡಬೇಕು. ನಾನು ಹುಟ್ಟಿದಾಗ ಈಡು ಹೊಡೆದಿರಲಿಲ್ಲ. ಕಾವೇರಿಗೂ ಇಲ್ಲ, ದೇಚುವಿಗೂ ಇಲ್ಲ.

ಕಾವೇರಿ ಪಕ್ಕದಲ್ಲಿ ಬಂದು ಕುಳಿತಳು. ಶನಿವಾರದಿಂದ ನನ್ನೊಡನೆ ಅಷ್ಟಾಗಿ ಮಾತಾಡಿರಲಿಲ್ಲ. "ಬಟ್ಟಲು ಈಗ ಎಲ್ಲಿದೆ?" ಎಂದು ಕೇಳಿದಳು.

"ದೇವರ ಕೋಣೇಲಿ."

"ಅಲ್ಲೇ ಇರ್ಲಿ," ಎಂದಳು.

ಸೂರ್ಯ ಮರಗಳ ಮೇಲೆ ಬಂದು ಸ್ವಲ್ಪ ಹೊತ್ತಾಗಿತ್ತು. ಆಗ ಕೇಳಿಸಿತು. ಒಂದು. ನನ್ನ ಕೈ ತಾನಾಗಿ ಮೇಲೆ ಹೋಯಿತು, ನಮ್ಮಮ್ಮನ ಕೈಯ ಹಾಗೆಯೇ. ಕಾವೇರಿಯೂ ಉಸಿರಾಡಲಿಲ್ಲ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಕಾದೆವು. ಕಾಫಿ ಆರಿತು, ಇನ್ನೊಂದು ಬರಲಿಲ್ಲ. ಕೈ ಇಳಿಸುವುದು ನೆನಪಾದದ್ದು ಎಷ್ಟೋ ಹೊತ್ತಿನ ಮೇಲೆ.

ಅವರು ಬಂದಾಗ ವಾಲ್ಟ್ ಹೊರಗೇ ಉಳಿದರು, ಜಿಂಕೆಯ ಕೆಲಸವಿತ್ತು. ದೇಚು ಬೂಟು ಬಿಚ್ಚದೆ ಒಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು, ಅತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಕೇಳಿದ್ದು ಒಂದೇ.

"ಕಣ್ಣು?"

"ಬಿಟ್ಟಿದ್ದೆ, ಅಜ್ಜಿ. ಎರಡೂ."

"ಏನು ಕಾಣಿಸ್ತು?"

ಅವಳು ಮೇಜಿನ ಮುಂದೆ ಕುಳಿತು ಯೋಚಿಸಿದಳು. "ಗುಂಡು ತಾಗಿದ ಕಡೆ ರೋಮ ಎದ್ದು ನಿಂತಿತು, ಉರುಟಾಗಿ. ಅದರಿಂದ ಧೂಳು ಬಂತು, ಕಂಬಳಿ ಕೊಡವಿದ ಹಾಗೆ. ಜಿಂಕೆಗೆ ಏನಾಯಿತೆಂದು ಗೊತ್ತಾಗಲಿಲ್ಲ ಅನಿಸುತ್ತೆ. ಮುಂಗಾಲು ಮಡಚಿ ಕೂತಿತು. ಬಾಯಲ್ಲಿ ಹುಲ್ಲು ಹಾಗೇ ಇತ್ತು. ಅದರ ಹಿಂದಿನ ಮರದಿಂದ ಒಂದು ಹಳದಿ ಎಲೆ ಬಿತ್ತು. ಅದು ನೆಲ ಮುಟ್ಟುವವರೆಗೆ ನಾನು ನೋಡುತ್ತಲೇ ಇದ್ದೆ."

ಕಾಮನಬಿಲ್ಲು ಇರಲಿಲ್ಲ. ನನ್ನ ಕಾಯಿ ಒಡೆದ ಗಳಿಗೆಯಲ್ಲೂ ಹೀಗೇ ಏನೇನೋ ಆಗಿರಬೇಕು. ಮರದ ತುದಿ ಅಲುಗಿರಬೇಕು, ಸಿಪ್ಪೆಯ ನಾರು ಗಾಳಿಯಲ್ಲಿ ತೇಲಿರಬೇಕು, ಯಾರಾದರೂ ಬಾಯಿ ತೆರೆದಿರಬೇಕು. ಸುತ್ತ ನಿಂತವರೆಲ್ಲ ನೋಡಿದರು. ಹೊಡೆದ ನಾನೊಬ್ಬಳು ನೋಡಲಿಲ್ಲ.

ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ. ದೇಚುವಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಇನ್ನೊಂದ್ ಸಲ ಹೇಳು," ಎಂದೆ.